ಪಿಯುನಲ್ಲಿ ಬಯಾಲಜಿ ಇರಲಿಲ್ಲ, ಈಗ ಬರೆಯುತ್ತಿದ್ದೇನೆ. ರಿಸಲ್ಟ್ ಬರುವ ಮೊದಲೇ ನೀಟ್‌ಗೆ ಕೂರಬಹುದಾ?

ನಾಲ್ಕನೇಬ್ಲಾಕ್_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಜಯನಗರದವಳು. 2024ರಲ್ಲಿ ಸೆಕೆಂಡ್ ಪಿಯು ಮುಗಿಸಿದೆ, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್). ಬಯಾಲಜಿ ಬೇಡ ಅಂತ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದು ನಾನೇ, ಮನೆಯಲ್ಲಿ ಯಾರೂ ಬಲವಂತ ಮಾಡಿರಲಿಲ್ಲ. ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಹೋದ ವರ್ಷ ಅಜ್ಜಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದರು, ರಾತ್ರಿ ಹೊತ್ತು ಅವರ ಜೊತೆ ಇರುತ್ತಿದ್ದವಳು ನಾನು. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ತ್ಯಾಜ್ಯ) ಯಾಕೆ ಏರುತ್ತಿದೆ, ಈ ಡ್ರಿಪ್ ಯಾಕೆ ನಿಲ್ಲಿಸಿದರು ಅಂತ ಡ್ಯೂಟಿ ಡಾಕ್ಟರನ್ನು ಕೇಳುತ್ತಲೇ ಇರುತ್ತಿದ್ದೆ, ಅವರೂ ಬೇಸರ ಇಲ್ಲದೆ ಹೇಳುತ್ತಿದ್ದರು. ಅಲ್ಲಿಂದ ಬಂದ ಮೇಲೆ ಕೋಡ್ ಬರೆಯೋಕೆ ಮನಸ್ಸೇ ಬರುತ್ತಿಲ್ಲ.

ಎನ್‌ಐಒಎಸ್‌ನಲ್ಲಿ (ಕೇಂದ್ರದ ಮುಕ್ತ ಶಾಲಾ ಬೋರ್ಡ್) ಬಯಾಲಜಿ ಒಂದೇ ವಿಷಯಕ್ಕೆ ಸೇರಿದ್ದೇನೆ. ಪರೀಕ್ಷೆ ಏಪ್ರಿಲ್-ಮೇನಲ್ಲಿ. ಎಂಬಿಬಿಎಸ್ ಪ್ರವೇಶ ಪರೀಕ್ಷೆ ನೀಟ್ ಕೂಡ ಮೇನಲ್ಲೇ. ಬಯಾಲಜಿ ರಿಸಲ್ಟ್ ಬರೋದು ಅದಾದ ಮೇಲೆ. ಹಾಗಾದರೆ ಅರ್ಜಿ ಹಾಕುವಾಗ ನನ್ನ ಹತ್ತಿರ ಬಯಾಲಜಿ ಪಾಸ್ ಅನ್ನೋದೇ ಇರಲ್ಲ ಅಲ್ವಾ? ನಮ್ಮ ಹಳೇ ಲೆಕ್ಚರರ್ ಒಬ್ಬರನ್ನು ಕೇಳಿದೆ. ಎರಡು ವರ್ಷ ಕಾಲೇಜಿಗೆ ಹೋಗಿ ಬಯಾಲಜಿ ಓದಿರಲೇಬೇಕು, ಇಲ್ಲದಿದ್ದರೆ ಆಗಲ್ಲ ಅಂದರು. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತಡವಾಗಿ_ಬಯಾಲಜಿ

ನಾನೂ ಪಿಸಿಎಂಸಿಯವಳೇ, ಈಗ ಎಂಬಿಬಿಎಸ್ ಓದುತ್ತಿದ್ದೇನೆ. ಮೊದಲು ಆ ಲೆಕ್ಚರರ್ ಮಾತು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಹಳೆಯದು. ಮೊದಲು ಎರಡು ವರ್ಷ ರೆಗ್ಯುಲರ್ ಆಗಿ, ಪ್ರಾಕ್ಟಿಕಲ್ ಸಮೇತ ಓದಿರಬೇಕು ಅಂತಲೇ ನಿಯಮ ಇತ್ತು. ವೈದ್ಯಕೀಯ ಶಿಕ್ಷಣದ ನಿಯಮ ಮಾಡುವ ಎನ್‌ಎಂಸಿ 2023ರ ನವೆಂಬರ್ 22ರಂದು ಪ್ರಕಟಣೆ ಹೊರಡಿಸಿ ಅದನ್ನು ಬಿಟ್ಟುಬಿಟ್ಟಿತು. ಹನ್ನೆರಡನೇ ತರಗತಿ ಪಾಸಾದ ಮೇಲೆ, ಮಾನ್ಯತೆ ಇರುವ ಬೋರ್ಡ್‌ನಿಂದ ಬಯಾಲಜಿ ಅಥವಾ ಬಯೋಟೆಕ್ನಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸ್ ಮಾಡಿಕೊಂಡವರೂ ನೀಟ್ ಬರೆಯಬಹುದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆ ಪ್ರಕಟಣೆ ಪ್ರಿಂಟ್ ತೆಗೆದು ಫೈಲ್‌ನಲ್ಲಿ ಇಟ್ಟುಕೋ. ಕೇಳಿದವರಿಗೆಲ್ಲ ಅದನ್ನೇ ತೋರಿಸು, ವಾದ ಮಾಡೋ ಅಗತ್ಯ ಬರಲ್ಲ.

ಇನ್ನು ರಿಸಲ್ಟ್. ಪ್ರತಿ ವರ್ಷ ಪಿಯು ಮಕ್ಕಳು ಲಕ್ಷಗಟ್ಟಲೆ ಜನ ಅರ್ಜಿ ಹಾಕುವಾಗ ಅವರ ಕೈಯಲ್ಲೂ ಅಂಕಪಟ್ಟಿ ಇರಲ್ಲ. ಪರೀಕ್ಷೆ ಬರೆಯುತ್ತಿರುವವರು, ರಿಸಲ್ಟ್‌ಗೆ ಕಾಯುತ್ತಿರುವವರು ಅರ್ಜಿ ಹಾಕಬಹುದು. ಆದರೆ ಮೊದಲ ಸುತ್ತಿನ ಕೌನ್ಸೆಲಿಂಗ್ ಹೊತ್ತಿಗೆ ಬೇಕಾದ ಅಂಕ ತಗೊಂಡು ಪಾಸಾಗಿರಬೇಕು, ಇಲ್ಲದಿದ್ದರೆ ಸೀಟಿಲ್ಲ. ಅಂದರೆ ನಿನ್ನ ಬಯಾಲಜಿ ಕೇಳೋದು ಪರೀಕ್ಷಾ ಹಾಲ್ ಬಾಗಿಲಲ್ಲಿ ಅಲ್ಲ, ದಾಖಲೆ ಪರಿಶೀಲನೆ ಟೇಬಲ್‌ನಲ್ಲಿ. ಆದರೂ ನಿನ್ನ ವಿಷಯ ಸ್ವಲ್ಪ ಬೇರೆ, ಪಿಯು ಆಗಲೇ ಪಾಸು, ಬಯಾಲಜಿ ಒಂದೇ ಬಾಕಿ. ಅರ್ಜಿಯಲ್ಲಿ ಅರ್ಹತೆಗೆ ಒಂದು ಕೋಡ್ ಆರಿಸಬೇಕು. ಅದನ್ನು ಸೈಬರ್ ಸೆಂಟರ್‌ನವರ ಕೈಗೆ ಬಿಡಬೇಡ. ಆ ವರ್ಷದ ಮಾಹಿತಿ ಪುಸ್ತಿಕೆ ನೀನೇ ಕೂತು ಓದು, ನೀಟ್ ನಡೆಸುವ ಎನ್‌ಟಿಎಗೆ ನಿನ್ನ ಪರಿಸ್ಥಿತಿ ಬರೆದು ಇಮೇಲ್ ಹಾಕು, ಬಂದ ಉತ್ತರ ಇಟ್ಟುಕೋ.

ನಾನು ಮಾಡಿದ್ದು ಬೇರೆ ಥರ. ಅಕ್ಟೋಬರ್-ನವೆಂಬರ್ ಪರೀಕ್ಷೆ ಬರೆದೆ, ಹಾಗಾಗಿ ನೀಟ್ ಅರ್ಜಿ ಹಾಕುವಾಗ ಬಯಾಲಜಿ ಅಂಕಪಟ್ಟಿ ಕೈಯಲ್ಲೇ ಇತ್ತು. ಆ ನಾಲ್ಕು ತಿಂಗಳ ನಿದ್ದೆಗೆ ಅದು ತುಂಬಾ ಸಹಾಯ ಮಾಡಿತು. ಈ ಸಲ ಏನಾದರೂ ಕೈತಪ್ಪಿದರೆ ಮುಂದಿನ ಸಲಕ್ಕೆ ಹಾಗೆ ಮಾಡು. ನೀಟ್‌ಗೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಇಷ್ಟೇ ಸಲ ಅಂತಲೂ ಇಲ್ಲ.

ಮಲ್ಲೇಶ್ವರದ_ಅಮ್ಮ

ಮಗಳ ಜೊತೆ ಇದೆಲ್ಲ ಓಡಾಡಿದವಳು ನಾನು, ಅದಕ್ಕೆ ಬರೆಯುತ್ತಿದ್ದೇನೆ. ನೋಡಮ್ಮ, ನೀಟ್ ಬರೆದರೆ ಸಾಲದು. ಕರ್ನಾಟಕದ ಸೀಟಿಗೆ ಕೆಇಎನಲ್ಲೂ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬೇರೆಯಾಗಿ ನೋಂದಣಿ ಮಾಡಬೇಕು. ಸರ್ಕಾರಿ ಕಾಲೇಜಿನ 100 ಸೀಟಲ್ಲಿ 15 ಅಖಿಲ ಭಾರತ ಕೋಟಾ, ಉಳಿದ 85 ನಮ್ಮ ರಾಜ್ಯದ್ದು. ಆ 85ಕ್ಕೆ ಸಾಮಾನ್ಯವಾಗಿ ಏಳು ವರ್ಷ ಇಲ್ಲೇ ಓದಿದ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಸ್ಕೂಲ್ ಬದಲಾಯಿಸಿದ್ದರೆ ಒಂದೊಂದು ಸ್ಕೂಲಿಗೂ ಹೋಗಬೇಕು. ಈಗಲೇ ಶುರು ಮಾಡು, ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ.

ಇನ್ನೊಂದು, ನಿನ್ನ ಪಿಯು ಒರಿಜಿನಲ್ ಅಂಕಪಟ್ಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದೆಯಾ? ಇದ್ದರೆ ವಾಪಸ್ ಹೇಗೆ ತಗೊಳ್ಳೋದು ಅಂತ ಆಫೀಸಿನಲ್ಲಿ ಮೊದಲೇ ಕೇಳಿಕೋ. ಸೀಟು ಸಿಗೋವರೆಗೂ ಇಂಜಿನಿಯರಿಂಗ್ ಬಿಡಬೇಡ. ಮತ್ತೆ, "ಬಯಾಲಜಿ ನಾವೇ ಪಾಸ್ ಮಾಡಿಸ್ತೀವಿ" ಅನ್ನೋರ ಹತ್ತಿರ ಹೋಗಬೇಡ. ನಾವು ಒಂದು ಕಡೆ ದುಡ್ಡು ಕಟ್ಟಿದೆವು, ಪ್ರಾಕ್ಟಿಕಲ್ ದಿನಾಂಕ ಕೂಡ ಅವರು ತಿಳಿಸಲಿಲ್ಲ. ಎನ್‌ಐಒಎಸ್ ವೆಬ್‌ಸೈಟ್‌ನಲ್ಲಿ ನಾನೇ ನೋಡಿದ್ದಕ್ಕೆ ಮಗಳ ವರ್ಷ ಉಳಿಯಿತು.

ನಾಲ್ಕನೇಬ್ಲಾಕ್_ಹುಡುಗಿ

ಅಕ್ಕ, ಆಂಟಿ, ತುಂಬಾ ಥ್ಯಾಂಕ್ಸ್. ಪ್ರಾಕ್ಟಿಕಲ್ ದಿನಾಂಕ ಈಗಲೇ ನೋಡುತ್ತೇನೆ. ಪಿಯುನಲ್ಲಿ ನನಗೆ ಫಿಸಿಕ್ಸ್ 54, ಕೆಮಿಸ್ಟ್ರಿ 51. ಜನರಲ್ ಕೆಟಗರಿ. ಎನ್‌ಐಒಎಸ್‌ನಲ್ಲಿ ಪಾಸಾಗೋಕೆ 33 ಸಾಕಂತೆ, ಅಷ್ಟು ಬರುತ್ತೆ ಅನ್ನೋ ಧೈರ್ಯ ಇದೆ. ನೀಟ್‌ಗೇ ಜಾಸ್ತಿ ಸಮಯ ಕೊಡಲಾ?

ಹೌಸ್‌ಸರ್ಜನ್_ಸಿಟಿಮಾರ್ಕೆಟ್

33 ಸಾಕಾಗಲ್ಲ, ಇದನ್ನು ಗಮನ ಇಟ್ಟು ಓದಿ. ಎಂಬಿಬಿಎಸ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಜನರಲ್‌ನವರಿಗೆ ಶೇಕಡ 50 ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿಗೆ 40. ಗಣಿತ, ಕಂಪ್ಯೂಟರ್ ಸೈನ್ಸ್ ಅಂಕ ಲೆಕ್ಕಕ್ಕೆ ಬರಲ್ಲ. ನಿಮ್ಮದು 54 ಮತ್ತು 51, ಒಟ್ಟು 105. ಮುನ್ನೂರಕ್ಕೆ 150 ಆಗಬೇಕಾದರೆ ಬಯಾಲಜಿಯಲ್ಲಿ ಕನಿಷ್ಠ 45. 40 ಬಂದರೆ ಎನ್‌ಐಒಎಸ್ ಪ್ರಕಾರ ಪಾಸು, ಆದರೆ ನೀಟ್‌ನಲ್ಲಿ ಎಷ್ಟೇ ಒಳ್ಳೆ ರ‍್ಯಾಂಕ್ ಬಂದಿದ್ದರೂ ಸೀಟು ಕೊಡಲ್ಲ. 45 ಅಲ್ಲ, 60ರ ಮೇಲೆ ಗುರಿ ಇಟ್ಟುಕೊಳ್ಳಿ. ಥಿಯರಿ 80, ಪ್ರಾಕ್ಟಿಕಲ್ 20, ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಟಿಎಂಎ (ಎನ್‌ಐಒಎಸ್ ಕೊಡುವ ಅಸೈನ್‌ಮೆಂಟ್) ಕೂಡ ತಪ್ಪದೆ ಬರೆದು ಹಾಕಿ.

ನೀಟ್‌ಗೆ ಬೇರೆ, ಬೋರ್ಡ್‌ಗೆ ಬೇರೆ ಅಂತ ಸಮಯ ಹಂಚೋದೇ ಬೇಡ. ನೀಟ್‌ನ 180 ಪ್ರಶ್ನೆಯಲ್ಲಿ 90 ಬಯಾಲಜಿ, 720ರಲ್ಲಿ 360 ಅಂಕ ಅದರದೇ. ಅವೆನ್ಯೂ ರಸ್ತೆಗೆ ಹೋಗಿ ಎನ್‌ಸಿಇಆರ್‌ಟಿ ಬಯಾಲಜಿ ಪುಸ್ತಕ ಹನ್ನೊಂದು, ಹನ್ನೆರಡು ಎರಡೂ ತನ್ನಿ, ಹಳೇದಾದರೆ ಈಗಿನ ಸಿಲಬಸ್ ಜೊತೆ ಹೋಲಿಸಿಕೊಳ್ಳಿ. ಸಾಲು ಸಾಲಾಗಿ ಓದಿ, ಚಿತ್ರದ ಕೆಳಗಿನ ಬರಹ ಕೂಡ ಬಿಡಬೇಡಿ. ಒಂದು ಪಾಠ ಓದಿದ ದಿನವೇ ಅದನ್ನು ಎನ್‌ಐಒಎಸ್ ಪ್ರಶ್ನೆಗಳಿಗೆ ಕೈಯಲ್ಲಿ ಬರೆದು ನೋಡಿ. ಬರೀ ಆಯ್ಕೆ ಪ್ರಶ್ನೆ ಮಾಡಿದವರಿಗೆ ಚಿತ್ರ ಬಿಡಿಸಿ ಉತ್ತರ ಬರೆಯೋಕೆ ಕೈ ಓಡಲ್ಲ, ಅಲ್ಲೇ ಅಂಕ ಹೋಗೋದು.

ನೀವು ಕ್ರಿಯಾಟಿನಿನ್ ಯಾಕೆ ಏರುತ್ತಿದೆ ಅಂತ ಕೇಳಿದಿರಲ್ಲ, ಹನ್ನೊಂದನೇ ತರಗತಿಯ ವಿಸರ್ಜನೆ ಪಾಠದಿಂದ ಶುರು ಮಾಡಿ. ಕಿಡ್ನಿ ಹೇಗೆ ಸೋಸುತ್ತದೆ ಅಂತ ಅರ್ಥವಾದರೆ ಆ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಾಲ್ಕನೇಬ್ಲಾಕ್_ಹುಡುಗಿ

45ರ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಶನಿವಾರ ಮೆಟ್ರೋದಲ್ಲಿ ಅವೆನ್ಯೂ ರಸ್ತೆಗೆ ಹೋಗಿ ಪುಸ್ತಕ ತರುತ್ತೇನೆ. ಎನ್‌ಟಿಎಗೆ ಇಮೇಲ್ ಈಗಷ್ಟೇ ಹಾಕಿದೆ. ಉತ್ತರ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ, ನನ್ನ ಥರ ಇನ್ನೂ ಯಾರಾದರೂ ಇದ್ದರೆ ಅವರಿಗೂ ಬೇಕಾಗುತ್ತೆ.