ವಯೊಲ್ ಅಂದ್ರೆ ಪಿಟೀಲೇನಾ? ಹಳೇ ವಾದ್ಯಕ್ಕೆ ಹೊಸ ಸಂಗೀತ ಯಾಕೆ?

ತುಮಕೂರು_ಪಿಟೀಲು:
ನಾಲ್ಕು ವರ್ಷದಿಂದ ಪಿಟೀಲು ಕಲಿಯುತ್ತಿದ್ದೇನೆ. ಮೊನ್ನೆ ರಾತ್ರಿ ಯೂಟ್ಯೂಬಿನಲ್ಲಿ ಲಂಡನ್ನಿನ ಫ್ರೆಟ್‌ವರ್ಕ್ ತಂಡದ ವಯೊಲ್ ವಾದನ ಸಿಕ್ಕಿತು. ಎಲ್ಲರೂ ವಾದ್ಯವನ್ನು ಕಾಲುಗಳ ನಡುವೆ ಇಟ್ಟುಕೊಂಡು ಕಮಾನು ಎಳೆಯುತ್ತಾರೆ. ಇಂಗ್ಲೆಂಡಿನ ಸಂಗೀತ ರಚನಕಾರ ಡೌಲೆಂಡ್ 1604ರಲ್ಲಿ ಅಚ್ಚು ಹಾಕಿಸಿದ ‘ಲಾಕ್ರಿಮೆ’ ಅನ್ನೋ ಕೃತಿ ಕೇಳಿ ಕಣ್ಣು ತುಂಬಿತು. ಆಮೇಲೆ ಈಗಿನ ಕಾಲದವರು ಬರೆದದ್ದೊಂದು ಬಂತು, ತಲೆಗೇ ಹತ್ತಲಿಲ್ಲ. ಇದು ಪಿಟೀಲಿನ ಅಜ್ಜನಾ? ಇಷ್ಟು ಹಳೇ ವಾದ್ಯದಲ್ಲಿ ಹೊಸದು ಯಾಕೆ ನುಡಿಸಬೇಕು?

ಶಿರಾ_ವೀಣೆ:
ಅಜ್ಜ ಅಲ್ಲ, ದಾಯಾದಿ. ಪಿಟೀಲಿಗೆ ನಾಲ್ಕು ತಂತಿ, ವಯೊಲ್‌ಗೆ ಸಾಮಾನ್ಯವಾಗಿ ಆರು. ಜೊತೆಗೆ ಮೆಟ್ಟಿಲೂ ಇರುತ್ತವೆ. ನಮ್ಮ ವೀಣೆಯಲ್ಲಿ 24 ಮೆಟ್ಟಿಲನ್ನು ಮೇಣದಲ್ಲಿ ಕೂರಿಸಿರುತ್ತಾರಲ್ವಾ, ಅಲ್ಲಿ ಕರುಳಿನ ದಾರವನ್ನೇ ಕೊರಳಿಗೆ ಸುತ್ತಿ ಕಟ್ಟುತ್ತಾರೆ, ಬೇಕಾದರೆ ಸರಿಸಬಹುದು. ತಂತಿಯೂ ಕರುಳಿನದೇ, ಹಾಗಾಗಿ ಹವೆ ಸ್ವಲ್ಪ ತೇವವಾದರೂ ಶ್ರುತಿ ಕದಲುತ್ತೆ. ಕಮಾನನ್ನು ಅಂಗೈ ಮೇಲೆ ಮಾಡಿ ಹಿಡಿಯುತ್ತಾರೆ, ವಿಡಿಯೊದಲ್ಲಿ ಗಮನಿಸಿ.

ಹೊಸದು ಯಾಕೆ ಅಂದರೆ, ಆ ನಾದ ಬೇರೆ ಯಾವುದರಲ್ಲೂ ಸಿಗಲ್ಲ. ಸ್ವರವನ್ನು ಜಾಸ್ತಿ ನಡುಗಿಸದೆ ನೇರವಾಗಿ ಹಿಡಿಯುತ್ತಾರೆ, ಐದು ವಾದ್ಯ ಸೇರಿ ಒಂದೇ ಉಸಿರಿನ ಹಾಗೆ ಕೇಳುತ್ತೆ. ಈಗಿನ ಕಾಲದ ಇಂಗ್ಲಿಷ್ ರಚನಕಾರ ಜಾರ್ಜ್ ಬೆಂಜಮಿನ್ 1990ರಲ್ಲಿ ಇದೇ ತಂಡಕ್ಕಾಗಿ ‘ಅಪಾನ್ ಸೈಲೆನ್ಸ್’ ಬರೆದರು, ಒಂದು ಹೆಣ್ಣು ದನಿ, ಐದು ವಯೊಲ್. ಮೊದಲ ಸಲ ನನಗೂ ಬೇಸರವಾಗಿತ್ತು. ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿ.

ತಿಪಟೂರು_ಕೊಬ್ಬರಿ:
ನನಗಂತೂ ಸುಮ್ನೆ ಶೋಕಿ ಅನಿಸುತ್ತೆ ಸ್ವಾಮಿ. ಮೈಕ್ ಇಲ್ಲದೆ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಹಿಂದಿನ ಸಾಲಿಗೆ ಕೇಳಿಸುತ್ತಾ ಇದು?

ಶಿರಾ_ವೀಣೆ:
ಕೇಳಿಸದೇ ಇರಬಹುದು ಅಣ್ಣ. ಮನೆಯ ಕೋಣೆಯಲ್ಲಿ ನಾಲ್ಕೈದು ಜನ ಸುತ್ತ ಕೂತು ನುಡಿಸುವುದಕ್ಕೆ ಒಗ್ಗಿದ ವಾದ್ಯ ಅದು. ಶೋಕಿ ಅನ್ನೋದಾದರೆ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದನ್ನು ಏನಂತೀರಿ? ಅವರಿಗೆ ಬೇಕಿದ್ದದ್ದು ದೊಡ್ಡ ನಾದ, ಇವರಿಗೆ ಬೇಕಿರೋದು ಸಣ್ಣದು.

ತುಮಕೂರು_ಪಿಟೀಲು:
ಥ್ಯಾಂಕ್ಸ್ ಅಕ್ಕ. ಇವತ್ತು ಬೆಳಿಗ್ಗೆ ಲಾಕ್ರಿಮೆಯ ಮೇಲಿನ ದನಿಯನ್ನು ಪಿಟೀಲಿನಲ್ಲಿ ಪ್ರಯತ್ನಿಸಿದೆ. ಸ್ವರ ಗೊತ್ತು, ನೇರವಾಗಿ ನಿಲ್ಲಿಸಬೇಕು ಅಂತಲೂ ಗೊತ್ತು. ಎರಡನೇ ಸಾಲಿಗೇ ಬೆರಳು ತಾನಾಗಿ ಗಮಕ ಹಾಕಿಬಿಟ್ಟಿತು. ಒಳಗಿನಿಂದ ಅಮ್ಮ, ಇದ್ಯಾವ ರಾಗನೋ ಅಂದರು.