ಕಬ್ಬು ಕಡಿಯೋಕೆ ಬಂದವರ ಮಕ್ಕಳನ್ನ ಶಾಲೆಗೆ ಸೇರಿಸ್ಕೊಳ್ಳೋದು ಹೇಗೆ?

ಹಳ್ಳಿ ಟೀಚರ್: ನಮ್ದು ಮಂಡ್ಯ ಕಡೆ ಶಾಲೆ. ಕಟಾವು ಟೈಮಲ್ಲಿ ಬಳ್ಳಾರಿ ಕಡೆಯಿಂದ ಗ್ಯಾಂಗ್ ಬಂದು ಗದ್ದೆ ಬದಿ ಗುಡ್ಲು ಹಾಕ್ಕೊಳ್ತಾರೆ, ಜೊತೆಗೆ ಆರೇಳು ಮಕ್ಕಳು. ಒಬ್ಳು ಹುಡುಗಿ ದಿನಾ ತಮ್ಮನ್ನ ಸೊಂಟದ ಮೇಲೆ ಎತ್ಕೊಂಡು ಗೇಟ್ ಹತ್ರ ನಿಂತಿರ್ತಾಳೆ, ಕರೆದ್ರೆ ಓಡೋಗ್ತಾಳೆ. ಟಿಸಿ ಇಲ್ದೆ ಸೇರಿಸ್ಕೊಬಹುದಾ?

ರಿಟೈರ್ಡ್ ಎಚ್ಚೆಮ್: ಧಾರಾಳವಾಗಿ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 5ನೇ ಸೆಕ್ಷನ್ ನೋಡಿ, ಟಿಸಿ ತಡ ಆಯ್ತು ಅಂತ ಅಡ್ಮಿಷನ್ ನಿಲ್ಲಿಸೋ ಹಾಗಿಲ್ಲ. 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೇ ಕೂರಿಸ್ಬೇಕು, ಹತ್ತು ವರ್ಷದವಳನ್ನ ಒಂದನೇ ಕ್ಲಾಸಿಗೆ ಹಾಕ್ಬೇಡಿ. ಊರಲ್ಲಿ ಓದ್ತಿದ್ರೆ ಆ ಶಾಲೆಗೆ ಫೋನ್ ಮಾಡಿ ಸ್ಯಾಟ್ಸ್ ನಂಬರ್ (ಇಲಾಖೆ ಆನ್‌ಲೈನ್ ದಾಖಲೇಲಿ ಪ್ರತಿ ಮಗುವಿಗೂ ಇರೋ ನಂಬರ್) ಇಸ್ಕೊಳ್ಳಿ, ಇಲ್ಲಾಂದ್ರೆ ಅಲ್ಲಿ ಗೈರುಹಾಜರಿ ಇಲ್ಲಿ ಹೊಸ ಎಂಟ್ರಿ ಅಂತ ಗೊಂದಲ ಆಗುತ್ತೆ.

ತಾಂಡಾ ಹುಡುಗ: ಸರ್ ನಾನೂ ಹಂಗೇ ಬೆಳೆದವ್ನು. ಮೊದ್ಲು ಗ್ಯಾಂಗ್ ಕರ್ಕೊಂಡು ಬರೋ ಮೇಸ್ತ್ರಿನ ಹಿಡೀರಿ, ಯಾರ್ ಮಕ್ಳು ಎಷ್ಟು ಅಂತ ಅವನಿಗೇ ಗೊತ್ತಿರೋದು, ಅದೂ ಸಂಜೆ ಹೋಗ್ಬೇಕು, ಬೆಳಿಗ್ಗೆ ಗುಡ್ಲಲ್ಲಿ ಯಾರೂ ಸಿಗಲ್ಲ. ಆ ತಮ್ಮನಿಗೆ ಅಂಗನವಾಡೀಲಿ ಜಾಗ ಮಾಡ್ಕೊಡಿ, ಅಕ್ಕ ತಾನಾಗೇ ಬರ್ತಾಳೆ. ನಂಗೆ ಆಗ ಲಂಬಾಣಿ ಬಿಟ್ಟು ಏನೂ ಬರ್ತಿರ್ಲಿಲ್ಲ, ಟೀಚರ್ ಪೆದ್ದ ಅನ್ಕೊಂಡ್ರು.

ಹಳ್ಳಿ ಟೀಚರ್: ಅಂಗನವಾಡಿ ವಿಷ್ಯ ತಲೆಗೇ ಬಂದಿರ್ಲಿಲ್ಲ, ಇವತ್ತು ಸಂಜೆನೇ ಹೋಗ್ತೀನಿ.