ಫತೋರ್ಡಾದಾಗ ಭಾರತದ ಮ್ಯಾಚ್: ಧರ್ಮ ಎತ್ತಿ ಕೂಗೋರನ್ನ ಹೆಂಗ ತಡೀಬೇಕು?

ವಾಸ್ಕೋ ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ಭಾರತ ಫುಟ್ಬಾಲ್ ತಂಡದ ಮ್ಯಾಚ್ ಗೋವಾದ ಫತೋರ್ಡಾ ಮೈದಾನದಾಗ ಬಿದ್ದಾಗ ವಾಸ್ಕೋ, ಮಡಗಾಂವ್, ಫೋಂಡಾ ಕಡೆ ಕನ್ನಡದವರು ನಲವತ್ತು ಮಂದಿ ಒಂದ ಕಡೆ ಕುಂತು ಹುರುಪು ತುಂಬೋಣು ಅಂತ ಗುಂಪು ಕಟ್ಟಾಕತ್ತೀವಿ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲಾರೂ ಅದಾರ. ಚಿಂತಿ ಏನಂದ್ರ, ಎದುರಿನ ತಂಡ ನೋಡಿ ನಾಕು ಮಂದಿ ಧರ್ಮ ಎತ್ತಿ ಕೂಗಾಕ ಶುರು ಮಾಡತಾರ, ಉಳಿದವ್ರು ಗದ್ದಲದಾಗ ದನಿ ಕೂಡಸ್ತಾರ. ಅದು ಟಿವ್ಯಾಗ ಹೋದ್ರ ದೇಶದ ತಂಡದ ಹೆಸರು ಕೆಡತೈತಿ. ನಾರ್ದರ್ನ್ ಐರ್ಲೆಂಡ್ ಮಂದಿ ಇಂಥಾದ್ದನ್ನ ಭಾಳ ಮಟ್ಟಿಗೆ ಹತ್ತಿಕ್ಕಿದ್ರು ಅಂತ ಓದೀನಿ. ಅವ್ರು ಖರೇ ಏನು ಮಾಡಿದ್ರು? ಸ್ಟ್ಯಾಂಡಿನಾಗ ಕುಂತವ್ರು ಏನು ಮಾಡಬಹುದು? ತಿಳಿದವ್ರು ಬಿಡಿಸಿ ಹೇಳ್ರಿ.

ಅಂಧೇರಿ ಗ್ಯಾಲರಿ

ಅಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟಿತ್ತು ಅನ್ನೋದರಿಂದಲೇ ಶುರು ಮಾಡಬೇಕು. ಅಲ್ಲಿ ಕ್ರಿಶ್ಚಿಯನ್ನರಲ್ಲೇ ಪ್ರೊಟೆಸ್ಟೆಂಟ್, ಕ್ಯಾಥೊಲಿಕ್ ಅನ್ನೋ ಎರಡು ಪಂಥಗಳ ನಡುವೆ ಹಳೆಯ ಹಗೆ. ತಂಡದ ತವರು ಮೈದಾನ, ಬೆಲ್‌ಫಾಸ್ಟ್‌ನ ವಿಂಡ್ಸರ್ ಪಾರ್ಕ್‌ಗೆ ಬರುತ್ತಿದ್ದವರಲ್ಲಿ ಬಹುಪಾಲು ಪ್ರೊಟೆಸ್ಟೆಂಟರು. ತಂಡದ ಮಿಡ್‌ಫೀಲ್ಡರ್ ನೀಲ್ ಲೆನನ್ ಕ್ಯಾಥೊಲಿಕ್. 2000ದ ಡಿಸೆಂಬರ್‌ನಲ್ಲಿ ಅವರು ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಸೇರಿದರು. ಕ್ಯಾಥೊಲಿಕರ ಕ್ಲಬ್ ಅಂತಲೇ ಹೆಸರಾದದ್ದು ಅದು. 2001ರ ಫೆಬ್ರುವರಿಯಲ್ಲಿ ನಾರ್ವೆ ವಿರುದ್ಧ ಆಡುವಾಗ ಅವರ ಕಾಲಿಗೆ ಚೆಂಡು ಬಂದಾಗಲೆಲ್ಲ ಸ್ವಂತ ದೇಶದ ಅಭಿಮಾನಿಗಳೇ ಹೂಯ್ಲೆಬ್ಬಿಸಿದರು. 2002ರ ಆಗಸ್ಟ್‌ನಲ್ಲಿ ಸೈಪ್ರಸ್ ಪಂದ್ಯಕ್ಕೆ ಮೊದಲ ಸಲ ನಾಯಕನಾಗಿ ಇಳಿಯಬೇಕಿತ್ತು. ಕೊಲೆ ಬೆದರಿಕೆಯ ಫೋನ್ ಬಂತು. ಆವತ್ತು ಆಡಲಿಲ್ಲ, ಮತ್ತೆ ಯಾವತ್ತೂ ದೇಶಕ್ಕೆ ಆಡಲಿಲ್ಲ.

ಫುಟ್ಬಾಲ್ ಸಂಸ್ಥೆ 'ಫುಟ್ಬಾಲ್ ಫಾರ್ ಆಲ್' ಅನ್ನೋ ಅಭಿಯಾನ ನಡೆಸಿತು, ಸರಿ. ಆದರೆ ನನ್ನ ಮಟ್ಟಿಗೆ ಅದರ ಜೀವಾಳ ಅಭಿಮಾನಿ ಸಂಘಗಳವರೇ ಮಾಡಿದ ಕೆಲಸ. ಎರಡು ಸಂಗತಿ ಗಮನಿಸಿ. ಒಂದು, ಬಣ್ಣ. ಸ್ಟ್ಯಾಂಡಿನಲ್ಲಿ ಪ್ರೊಟೆಸ್ಟೆಂಟರ ಕ್ಲಬ್ ಅಂತ ಹೆಸರಾದ ಗ್ಲಾಸ್ಗೋದ ರೇಂಜರ್ಸ್‌ನ ಕೆಂಪು-ಬಿಳಿ-ನೀಲಿ ಕಾಣುತ್ತಿತ್ತು. ಎಲ್ಲರೂ ತಂಡದ ಹಸಿರನ್ನೇ ತೊಟ್ಟು ಬರಲಿ ಅಂತ ಪಟ್ಟು ಹಿಡಿದರು. ಕ್ಲಬ್ಬಿನ ಬಣ್ಣ ಹೋದರೆ ಅದರ ಬೆನ್ನಿಗೆ ಬರುವ ಹಾಡಿಗೂ ನೆಲೆ ಇರೋದಿಲ್ಲ. ಎರಡು, ಪಂಥದ ಹಾಡು ಎದ್ದ ಕೂಡಲೇ ಅದರ ಮೇಲೆ ಇನ್ನೊಂದು ಕೂಗು ಎಬ್ಬಿಸಿ ಮುಳುಗಿಸೋದು. 'ನಾವು ಬ್ರೆಜಿಲ್ ಅಲ್ಲ, ನಾರ್ದರ್ನ್ ಐರ್ಲೆಂಡ್' ಅನ್ನೋ ಅರ್ಥದ ನಗೆಕೂಗು ಆ ಕೆಲಸಕ್ಕೆ ಚೆನ್ನಾಗಿ ಒದಗಿತು. ಬೈಯುವವನ ಜೊತೆ ವಾದಕ್ಕಿಳಿದರೆ ಅವನಿಗೆ ನಾಲ್ಕು ಜನ ಬೆಂಬಲಿಗರು ಸಿಗುತ್ತಾರೆ. ಅವನ ದನಿಯೇ ಕೇಳಿಸದಿದ್ದರೆ ತಾನಾಗಿ ಕೂರುತ್ತಾನೆ.

2006ರಲ್ಲಿ ಇದೇ ಅಭಿಮಾನಿಗಳಿಗೆ ಬ್ರಸೆಲ್ಸ್ ಅಂತರರಾಷ್ಟ್ರೀಯ ಬೆಂಬಲಿಗರ ಪ್ರಶಸ್ತಿ ಬಂತು. 2016ರ ಯೂರೋ ಕಪ್ ಮುಗಿದ ಮೇಲೆ ಇವರಿಗೂ ಐರ್ಲೆಂಡ್ ಗಣರಾಜ್ಯದ ಅಭಿಮಾನಿಗಳಿಗೂ ಪ್ಯಾರಿಸ್ ನಗರ ಪದಕ ಕೊಟ್ಟಿತು. ಹಾಗಂತ ಎಲ್ಲವೂ ನೇರ್ಪಾಗಿಲ್ಲ. ಡೆರ್ರಿಯ ಜೇಮ್ಸ್ ಮೆಕ್‌ಕ್ಲೀನ್, ಶೇನ್ ಡಫಿಯಂಥವರು ನಾರ್ದರ್ನ್ ಐರ್ಲೆಂಡ್‌ನ ಕಿರಿಯರ ತಂಡದಲ್ಲಿ ಆಡಿ ಆಮೇಲೆ ಗಣರಾಜ್ಯದ ಪಾಲಾದರು. 2010ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯೂ ಅಂಥ ಆಯ್ಕೆಗೆ ಅಡ್ಡಿಯಿಲ್ಲ ಅಂದಿತು. ಕಾರಣ ಬೇರೆಯೂ ಇವೆ, ಒಪ್ಪುತ್ತೇನೆ. ಆದರೆ ತಮ್ಮವರೇ ಹೂಯ್ಲಿಡುವ ಮೈದಾನಕ್ಕೆ ಮಗನನ್ನು ಕಳಿಸಲು ಯಾವ ತಾಯಿ-ತಂದೆ ಒಪ್ಪುತ್ತಾರೆ?

ಪುಣೆ ರೆಫ್ರಿ

ನಿಯಮದ ಭಾಗ ನಾನು ಹೇಳ್ತೀನಿ. ಧರ್ಮ, ಜನಾಂಗ ಎತ್ತಿ ಪ್ರೇಕ್ಷಕರು ಕೂಗಿದ್ದಕ್ಕೆ ಹೊಣೆ ರಾಷ್ಟ್ರೀಯ ಸಂಸ್ಥೆಯದು. 'ನಮ್ಮ ತಪ್ಪಿಲ್ಲ, ಯಾರೋ ಕಿಡಿಗೇಡಿಗಳು' ಅಂದರೆ ನಡೆಯೋದಿಲ್ಲ. ಯುರೋಪಿನ ಫುಟ್ಬಾಲ್ ಒಕ್ಕೂಟ ಯುಎಫಾದಲ್ಲಿ ಮೊದಲ ಸಲಕ್ಕೆ ಕ್ರೀಡಾಂಗಣದ ಒಂದು ಭಾಗ ಬಂದ್, ಎರಡನೇ ಸಲಕ್ಕೆ ಒಂದು ಪಂದ್ಯ ಪೂರ್ತಿ ಖಾಲಿ ಗ್ಯಾಲರಿ ಮತ್ತು 50,000 ಯೂರೋ ದಂಡ. ರೆಫ್ರಿಗೆ ಮೂರು ಹೆಜ್ಜೆ ಇವೆ: ಆಟ ನಿಲ್ಲಿಸಿ ಧ್ವನಿವರ್ಧಕದಲ್ಲಿ ಎಚ್ಚರಿಕೆ, ಆಮೇಲೂ ನಡೆದರೆ ಆಟಗಾರರನ್ನು ಡ್ರೆಸ್ಸಿಂಗ್ ರೂಮಿಗೆ ಕಳಿಸೋದು, ಮೂರನೇದು ಪಂದ್ಯವನ್ನೇ ಕೈಬಿಡೋದು. 2019ರ ಅಕ್ಟೋಬರ್‌ನಲ್ಲಿ ಸೋಫಿಯಾದಲ್ಲಿ ಬಲ್ಗೇರಿಯಾ-ಇಂಗ್ಲೆಂಡ್ ಪಂದ್ಯ ಹೀಗೆ ಎರಡು ಸಲ ನಿಂತಿತು. ಮರುದಿನವೇ ಅಲ್ಲಿನ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷ ಬೊರಿಸ್ಲಾವ್ ಮಿಹೈಲೋವ್ ರಾಜೀನಾಮೆ ಕೊಡಬೇಕಾಯ್ತು.

ಶಿಕ್ಷೆ ಮಾತ್ರದಿಂದ ರೋಗ ಹೋಗೋದಿಲ್ಲ, ಇದನ್ನು ಒತ್ತಿ ಹೇಳಬೇಕು. 2015ರ ಜೂನ್‌ನಲ್ಲಿ ಸ್ಪ್ಲಿಟ್‌ನಲ್ಲಿ ಕ್ರೊಯೇಷಿಯಾ-ಇಟಲಿ ಪಂದ್ಯ ಹಿಂದಿನ ತಪ್ಪಿಗಾಗಿ ಖಾಲಿ ಗ್ಯಾಲರಿಯಲ್ಲೇ ನಡೆದಿತ್ತು. ಆದರೂ ಯಾರೋ ಮೊದಲೇ ರಾಸಾಯನಿಕ ಹಾಕಿ ಹುಲ್ಲಿನ ಮೇಲೆ ಸ್ವಸ್ತಿಕ, ಅಂದರೆ ನಾಜಿಗಳ ಗುರುತು, ಮೂಡುವ ಹಾಗೆ ಮಾಡಿದ್ದರು. ಕ್ರೊಯೇಷಿಯಾದ ಒಂದು ಅಂಕ ಕಳೆದರು, 1,00,000 ಯೂರೋ ದಂಡ ಹಾಕಿದರು. 2022ರ ಜೂನ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಹಂಗೆರಿಗೂ ಪ್ರೇಕ್ಷಕರಿಲ್ಲದ ಶಿಕ್ಷೆ ಇತ್ತು. 14ರ ಒಳಗಿನ ಮಕ್ಕಳನ್ನು, ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಂತೆ, ಒಳಗೆ ಬಿಡಬಹುದು ಅನ್ನೋ ವಿನಾಯಿತಿಯಲ್ಲಿ ಸಾವಿರಗಟ್ಟಲೆ ಮಕ್ಕಳು ಬಂದರು. ಇಂಗ್ಲೆಂಡ್ ಆಟಗಾರರು ಜನಾಂಗ ದ್ವೇಷದ ವಿರುದ್ಧ ಮಂಡಿಯೂರಿದಾಗ ಆ ಗ್ಯಾಲರಿಯಿಂದಲೂ ಹೂಯ್ಲು ಎದ್ದಿತು. ಮಕ್ಕಳು ಇದನ್ನು ದೊಡ್ಡವರ ಪಕ್ಕ ಕೂತೇ ಕಲಿಯೋದು.

ನಮ್ಮ ದೇಶದ ಕಾನೂನೂ ಗುಂಪಿನವರಿಗೆ ಗೊತ್ತಿರಲಿ. ಧರ್ಮ, ಭಾಷೆ, ಜಾತಿ ಹೆಸರಲ್ಲಿ ಹಗೆ ಎಬ್ಬಿಸೋದಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಇದೆ. ಮೂರು ವರ್ಷದವರೆಗೆ ಸಜೆ.

ಮಡಗಾಂವ್ ಡೋಲು

ವಾಸ್ಕೋ ತಮ್ಮಾ, ಸ್ಟ್ಯಾಂಡಿನ ಕೆಲಸ ಹೇಳತೀನಿ ಕೇಳು.

ಟಿಕೆಟ್ ಒಂದ ಬ್ಲಾಕಿನಾಗ ತಗೋರಿ, ಸೀಟ್ ನಂಬರ್ ಸಮೇತ ಹೆಸರಿನ ಪಟ್ಟಿ ಇರಲಿ. ನಲವತ್ತು ಮಂದಿಗೆ ಕೂಗು ಹಿಡಿಯೋರು ಇಬ್ಬರು, ಡೋಲಿನವ ಒಬ್ಬ. ಕೂಗು ಹಿಡಿಯೋರು ಮುಂದಿನ ಸಾಲಿನಾಗ ಮೈದಾನಕ್ಕ ಬೆನ್ನು ಕೊಟ್ಟು ನಿಂದರಬೇಕು. ಮಂದಿ ಮಾರಿ ಕಂಡ್ರನ ಯಾರ ಬಾಯಿ ಯಾವ ಕಡೆ ಹೊಂಟೈತಿ ಗೊತ್ತಾಗೋದು. ಆಟಾನೂ ನೋಡಬೇಕು, ಕೂಗೂ ಹಿಡೀಬೇಕು ಅನ್ನಾಂವ ಈ ಕೆಲಸಕ್ಕ ಬ್ಯಾಡ.

ಕೆಟ್ಟ ಕೂಗು ಹುಟ್ಟೋದು ಸುಮ್ಮನ ಕುಂತ ಹೊತ್ತಿನಾಗ: ಆಟಗಾರ ಪೆಟ್ಟಾಗಿ ಬಿದ್ದಾಗ, ನಮ್ಮ ಕಡೆ ಸೈಡ್‌ಲೈನ್ ಹತ್ರ ಅವರಾಂವ ಥ್ರೋ ತಗೊಳ್ಳಾಕ ಬಂದಾಗ, ರೆಫ್ರಿ ನಮಗ ಫ್ರೀಕಿಕ್ ಕೊಡದಿದ್ದಾಗ, ಗೋಲು ಬಿದ್ದ ಮ್ಯಾಲಿನ ಎರಡು ನಿಮಿಷ. ಈ ನಾಕು ಹೊತ್ತಿಗೆ ಡೋಲಿನವ ತಯಾರಿರಬೇಕು. ಐದಾರು ಸೆಕೆಂಡ್ ತಡ ಆದ್ರ ಮುಗೀತು, ಹಿಂದಿನ ಸಾಲು ಆ ಕೂಗು ಹಿಡಿದಬಿಡತೈತಿ. ನಿಮ್ಮ ಕೂಗು ಸಣ್ಣದಿರಲಿ: ಆಟಗಾರನ ಹೆಸರು, ಮೂರು ಚಪ್ಪಾಳಿ, ಮತ್ತ ಹೆಸರು. ಉದ್ದನ್ನ ಹಾಡು ನಡುವ ಹರೀತೈತಿ, ಆ ಸಂದಿನಾಗ ಅವ್ರು ನುಗ್ಗತಾರ.

ಅಷ್ಟರ ಮ್ಯಾಲೂ ಒಬ್ಬಾಂವ ನಿಲ್ಲಸ್ಲಿಲ್ಲ ಅಂದ್ರ ಅವನ ದೋಸ್ತನ ಹೋಗಿ ಭುಜ ಹಿಡಿದು ಸೀಟ್ ಬದಲಿ ಮಾಡಿಸಬೇಕು. ಅದಕ್ಕೂ ಬಗ್ಗಲಿಲ್ಲ ಅಂದ್ರ ಗ್ಯಾಲರಿ ಕಾಯೋ ಸಿಬ್ಬಂದಿ, ಸ್ಟುವರ್ಡ್‌ಗೆ ಹೇಳ್ರಿ: ಯಾವ ಸ್ಟ್ಯಾಂಡ್, ಯಾವ ಸಾಲು, ಎಷ್ಟನೇ ನಿಮಿಷ, ಏನಂದ. ಮ್ಯಾಚ್ ಕಮಿಷನರ್ ವರದಿಗೂ ಬೇಕಾಗೋದು ಇದ. ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಬ್ಯಾಡ್ರಿ. ಹತ್ತು ಮಂದಿ ಕೇಳಿದ್ದ ಬೈಗಳ ಹತ್ತು ಸಾವಿರ ಮಂದಿಗೆ ಮುಟ್ಟತೈತಿ.

ಇನ್ನೊಂದು ಮಾತು. ಬರೇ ಧರ್ಮದ್ದಷ್ಟ ಕಾಯ್ಬ್ಯಾಡ್ರಿ. ಈಶಾನ್ಯದ ಹುಡುಗರ ಕಣ್ಣು-ಮೂಗಿನ ಮ್ಯಾಲೆ ಕೂಗೋದು ಭಾಳ ಐತಿ, ಅವ್ರು ನಮ್ಮ ತಂಡದಾಗ ಆಡೋರ. ಇಲ್ಲಿ ಕನ್ನಡದವರಿಗೆ 'ಘಾಂಟಿ' (ಘಟ್ಟದ ಆಚೆಯವ) ಅಂತ ಹೀಯಾಳಿಸಿದ್ರ ಹೆಂಗ ಉರೀತೈತಿ ವಾಸ್ಕೋದ ಬೈನಾ, ಝುವಾರಿನಗರದವರಿಗೆ ಗೊತ್ತೈತಿ. ಅದ ಉರಿ ಅವರಿಗೂ ಇರತೈತಿ.

ಡೊಂಬಿವಲಿ ಕನ್ನಡಿಗ

ಒಂದು ಸಂದೇಹ. ಮುಂಬೈ ಜನ ಖುಷಿಯಾದರೆ 'ಗಣಪತಿ ಬಪ್ಪಾ ಮೋರಯಾ' ಅನ್ನೋದು ರೂಢಿ. ಅದೂ ತಪ್ಪು ಅಂದರೆ ಬಾಯಿ ಹೊಲಿದುಕೊಂಡು ಕೂರಬೇಕಾ?

ಅಂಧೇರಿ ಗ್ಯಾಲರಿ

ಸರ್, ಗೋಲು ಬಿದ್ದಾಗ ಖುಷಿಗೆ ಅಂದರೆ ಯಾರಿಗೂ ನೋವಿಲ್ಲ. ಅದೇ ಮಾತನ್ನು ಎದುರು ತಂಡದ ಅಬ್ದುಲ್ ಅನ್ನೋ ಹೆಸರಿನವನು ಮೈದಾನದಿಂದ ಹೊರಗೆ ಹೋಗುವಾಗ ಅವನ ಮುಖಕ್ಕೆ ಕೂಗಿದರೆ ಅದು ಬೈಗುಳ. ಯಾರ ಕಡೆಗೆ, ಯಾವ ಹೊತ್ತಿಗೆ ಅನ್ನೋದನ್ನು ನೋಡಿ. ನಮ್ಮ ಮುಂಬೈ ಇದನ್ನು ಹಿಂದೆಯೇ ಅನುಭವಿಸಿದೆ: ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು ಅಂತ ಧರ್ಮವಾರು ತಂಡ ಕಟ್ಟಿ ಆಡುತ್ತಿದ್ದ ಪೆಂಟ್ಯಾಂಗ್ಯುಲರ್ ಕ್ರಿಕೆಟ್‌ಗೆ ಬ್ರಬೋರ್ನ್ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಗಾಂಧೀಜಿ ವಿರೋಧಿಸಿದರು, 1946ರಲ್ಲಿ ನಿಂತೇ ಹೋಯಿತು. ದೇಶದ ತಂಡದ ಗ್ಯಾಲರಿಗೆ ಆ ವಿಂಗಡಣೆ ಮತ್ತೆ ಬರಬಾರದು.

ವಾಸ್ಕೋ ಹುಡುಗ

ಎಲ್ಲಾರಿಗೂ ಭಾಳ ಉಪಕಾರ್ರಿ. ಮಡಗಾಂವ್ ಅಣ್ಣಾ, ಡೋಲು ಮತ್ತ ಬ್ಯಾನರ್ ಗೇಟಿನಾಗ ತಡೀತಾರೇನು?

ಮಡಗಾಂವ್ ಡೋಲು

ಹೇಳದ ಒಯ್ದ್ರ ತಡೀತಾರ. ಸಂಘಟಕರಿಗೆ ಮೊದಲ ಮೇಲ್ ಮಾಡ್ರಿ: ಬ್ಯಾನರಿನ ಫೋಟೋ, ಉದ್ದ-ಅಗಲ, ಕನ್ನಡದಾಗ ಬರೆದಿದ್ದರ ಪ್ರತಿ ಸಾಲಿನ ಇಂಗ್ಲಿಷ್ ಅರ್ಥ, ಡೋಲು ಒಯ್ಯೋನ ಹೆಸರು ಮತ್ತ ಸೀಟ್ ನಂಬರ್. ಒಪ್ಪಿಗಿ ಬಂದ ಮೇಲ್ ಪ್ರಿಂಟ್ ತಗೊಂಡು ಕಿಸೆದಾಗ ಇಟ್ಕೋರಿ. ಬ್ಯಾನರಿಗೆ ಬಿದಿರಿನ ಕೋಲು ಕಟ್ಟಬ್ಯಾಡ್ರಿ, ಬರೇ ದಾರ ಸಾಕು.